ಆಲಮಟ್ಟಿಯ ಮೀನು ಯಾವ ಗುರಿಯ ಲೆಕ್ಕಕ್ಕೆ?

2025ರ ಸೆಪ್ಟೆಂಬರ್ 15ರಂದು ಮೀನುಗಾರಿಕೆ ಸಬ್ಸಿಡಿ ಕುರಿತ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಜಾರಿಗೆ ಬಂತು. 2001ರಲ್ಲಿ ದೋಹಾದಲ್ಲಿ ಶುರುವಾದ ಮಾತುಕತೆ 2022ರ ಜೂನ್‌ನಲ್ಲಿ ಒಂದು ದಡ ಸೇರಿತ್ತು. ಸಾಕಷ್ಟು ದೇಶಗಳು ಒಪ್ಪಿಗೆ ಕೊಡುವ ಹೊತ್ತಿಗೆ ಮತ್ತೆ ಮೂರು ವರ್ಷ ಹಿಡಿಯಿತು. ಕಳ್ಳ ಮೀನುಗಾರಿಕೆಗೂ, ಆಗಲೇ ಬರಿದಾದ ಮೀನನ್ನು ಮತ್ತೆ ಬಾಚುವುದಕ್ಕೂ ಸರ್ಕಾರದ ದುಡ್ಡು ಹೋಗಬಾರದು ಅನ್ನೋದು ಅದರ ತಿರುಳು. 2026ರ ಜನವರಿ 17ಕ್ಕೆ ಇನ್ನೊಂದು ಒಪ್ಪಂದ ಜಾರಿಯಾಯಿತು. ಯಾವ ದೇಶಕ್ಕೂ ಸೇರದ ದೂರದ ಸಮುದ್ರದ ಜೀವಿಗಳನ್ನು ಕಾಯುವ ವಿಶ್ವಸಂಸ್ಥೆಯ ಒಪ್ಪಂದ ಅದು.

ಎರಡೂ ಒಳ್ಳೆಯ ಸುದ್ದಿಯೇ. ಆದರೆ ಬಾಗಲಕೋಟೆಯಲ್ಲಿ ಕೂತು ಓದುವವರು ಸಬ್ಸಿಡಿ ಒಪ್ಪಂದದ ಮೊದಲ ವಿಧಿಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಅದು ಸಮುದ್ರದ ಮೀನುಗಾರಿಕೆಗೆ ಮಾತ್ರ. ಒಳನಾಡು ಮೀನುಗಾರಿಕೆಯನ್ನೂ ಮೀನು ಸಾಕಣೆಯನ್ನೂ ಹೊರಗಿಟ್ಟಿದ್ದಾರೆ. ಅಂದರೆ ಹೊಳೆ, ಕೆರೆ, ಡ್ಯಾಮಿನ ಹಿನ್ನೀರು ಯಾವುದೂ ಅದರ ಲೆಕ್ಕಕ್ಕೆ ಬರಲ್ಲ.

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ತೆಗೆದರೂ ಇದೇ ಕತೆ. 14ನೇ ಗುರಿಯ ಹೆಸರು ‘ನೀರಿನೊಳಗಿನ ಜೀವ’. ಹೆಸರು ಕೇಳಿದರೆ ಕೃಷ್ಣೆಯೂ ಅದರಲ್ಲಿದೆ ಅನ್ನಿಸುತ್ತೆ. ಒಳಗೆ ಇರೋದೆಲ್ಲ ಕಡಲಿನ ಮಾತು. ಅತಿಯಾದ ಮೀನುಗಾರಿಕೆಯನ್ನು 2020ರೊಳಗೆ ನಿಲ್ಲಿಸಬೇಕು ಅನ್ನೋದು 14.4ನೇ ಉಪಗುರಿ. ಅದನ್ನು ಅಳೆಯುವ ಸೂಚ್ಯಂಕ ನೋಡೋದು ಸಮುದ್ರದ ಮೀನಿನ ಸಂಪತ್ತನ್ನು. ಸಣ್ಣ ಮೀನುಗಾರರಿಗೆ ಸಂಪತ್ತು ಮತ್ತು ಮಾರುಕಟ್ಟೆಯ ದಾರಿ ತೆರೆಯಬೇಕು ಅನ್ನುವ ಇನ್ನೊಂದು ಉಪಗುರಿಯೂ ಕಡಲ ಸಂಪತ್ತಿನ ಮಾತನ್ನೇ ಆಡುತ್ತದೆ. ಒಳನಾಡಿನ ನೀರು ಸಿಗಬೇಕು ಅಂದರೆ ಬೇರೆ ಕಡೆ ಹುಡುಕಬೇಕು. 6ನೇ ಗುರಿಯಲ್ಲಿ ಕುಡಿಯುವ ನೀರು, ಶೌಚಾಲಯಗಳ ಜೊತೆ ಒಂದು ಸಾಲು ಇದೆ. 15ನೇ ಗುರಿಯಲ್ಲಿ ಕಾಡು, ಬೆಟ್ಟಗಳ ಜೊತೆ ಇನ್ನೊಂದು ಸಾಲು. ಅಲ್ಲಿ ನೀರು ಇದೆ, ಜೌಗು ಇದೆ. ಬಲೆ ಹಿಡಿದ ಮನುಷ್ಯ ಇಲ್ಲ.

ಇದು ಬರೀ ಕಾಗದದ ತಕರಾರು ಅಂತ ತಳ್ಳಿಹಾಕುವ ಹಾಗಿಲ್ಲ. ಯಾವುದನ್ನು ಅಳೆಯುತ್ತಾರೋ ಅದಕ್ಕೆ ದುಡ್ಡು ಬರುತ್ತದೆ, ಅದರ ಬಗ್ಗೆ ವರದಿ ಬರುತ್ತದೆ. ಜಗತ್ತಿನ ಕಡಲ ಮೀನು ಸಂಗ್ರಹಗಳಲ್ಲಿ ಶೇ 35.5ರಷ್ಟು ಮಿತಿಮೀರಿ ಹಿಡಿದವು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2025ರಲ್ಲಿ ಹೇಳಿತು. ಹೊಳೆ ಮೀನಿಗೆ ಇಂಥ ಜಾಗತಿಕ ಲೆಕ್ಕ ಇಲ್ಲ. ವಿಚಿತ್ರ ಏನೆಂದರೆ, ಅದೇ ಸಂಸ್ಥೆಯ ಅಂಕಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹೊಳೆ, ಕೆರೆಗಳಿಂದ ಹಿಡಿದದ್ದು ಸುಮಾರು 113 ಲಕ್ಷ ಟನ್. ಅದರಲ್ಲಿ ಮೊದಲ ಸ್ಥಾನ ಭಾರತದ್ದು, ಸುಮಾರು 19 ಲಕ್ಷ ಟನ್. ಮೊದಲ ಸ್ಥಾನದಲ್ಲಿರುವ ದೇಶವೇ ‘ನಮ್ಮ ಲೆಕ್ಕ ಎಲ್ಲಿ’ ಅಂತ ಕೇಳಬೇಕಿತ್ತು, ಅಲ್ವಾ?

ಈಗ ನಮ್ಮ ಕಡೆಗೆ ಬರೋಣ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರಕ್ಕೂ ಕಡಲಿಲ್ಲ. ಆದರೆ ನೀರಿಗೆ ಬಡತನ ಇಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಇಲ್ಲೇ ಹರಿಯುತ್ತವೆ. ಮೂರಕ್ಕೂ ಅಣೆಕಟ್ಟು ಕಟ್ಟಿದ್ದೇವೆ. ಘಟಪ್ರಭೆಗೆ ಹಿಡಕಲ್, ಮಲಪ್ರಭೆಗೆ ಸವದತ್ತಿ ಹತ್ತಿರದ ನವಿಲುತೀರ್ಥ, ಕೃಷ್ಣೆಗೆ ಹಿಪ್ಪರಗಿ ಬ್ಯಾರೇಜು, ಅದರ ಕೆಳಗೆ ಆಲಮಟ್ಟಿ, ಇನ್ನೂ ಕೆಳಗೆ ನಾರಾಯಣಪುರ. ಆಲಮಟ್ಟಿಗೆ 1964ರ ಮೇ 22ರಂದು ಅಡಿಗಲ್ಲು ಹಾಕಿದವರು ಲಾಲ್ ಬಹದ್ದೂರ್ ಶಾಸ್ತ್ರಿ. ಈಗ 519.60 ಮೀಟರ್ ಮಟ್ಟದಲ್ಲಿ ಅಲ್ಲಿ ನಿಲ್ಲುವ ನೀರು 123.08 ಟಿಎಂಸಿ. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಈ ನೀರಿನ ಕೆಳಗೆ ಹೋದವು. ಮುಳುಗಡೆ ಅಂದರೆ ಏನು ಅಂತ ಈ ಊರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹರಿಯುವ ಹೊಳೆ ನಿಂತ ನೀರಾದಾಗ ಮೀನಿಗೆ ಏನಾಗುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೊಸದಾಗಿ ಮುಳುಗಿದ ಹೊಲ, ಗಿಡ, ಗೊಬ್ಬರ ಎಲ್ಲ ನೀರಿನಲ್ಲಿ ಕೊಳೆಯುತ್ತದೆ. ಅದರಿಂದ ಸಿಗುವ ಪೋಷಕಾಂಶ ತಿಂದು ಪಾಚಿ, ಹುಳು ಬೆಳೆಯುತ್ತವೆ. ಮೊದಲ ಕೆಲವು ವರ್ಷ ಮೀನಿನ ಸುಗ್ಗಿ. ಆಮೇಲೆ ಆ ಗೊಬ್ಬರ ತೀರುತ್ತದೆ, ಹೂಳು ಕೂರುತ್ತದೆ, ಇಳುವರಿ ಇಳಿಯುತ್ತದೆ. ಜಗತ್ತಿನ ಎಷ್ಟೋ ಜಲಾಶಯಗಳಲ್ಲಿ ಕಂಡ ಕ್ರಮ ಇದು. ಇದರ ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತದೆ. ನಮ್ಮ ಹೊಳೆಯ ಬಹಳಷ್ಟು ಮೀನು ಮುಂಗಾರಿನ ಹೊಸ ನೀರು ಬಂದಾಗ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹತ್ತಿ, ದಂಡೆಯ ತೆಳು ನೀರಿನಲ್ಲಿ ಮೊಟ್ಟೆ ಇಡುತ್ತದೆ. ಒಂದರ ಹಿಂದೆ ಒಂದು ಗೋಡೆ ಎದ್ದ ಮೇಲೆ ಆ ದಾರಿ ತುಂಡು ತುಂಡಾಯಿತು. ನಿಂತ ನೀರಿಗೆ ಹೊಂದಿಕೊಳ್ಳುವ ಮೀನು ಉಳಿಯುತ್ತದೆ. ಹರಿವೇ ಬೇಕು ಅನ್ನುವ ಮೀನು ಹಿಂದೆ ಸರಿಯುತ್ತದೆ. ಕೃಷ್ಣಾ, ಗೋದಾವರಿಯಂಥ ದಕ್ಷಿಣದ ನದಿಗಳಲ್ಲಿ ಸಿಗುವ ಸಿಲೋನಿಯಾ ಚಿಲ್ಡ್ರೆನಿ ಅನ್ನುವ ದೊಡ್ಡ ಮೀನು ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿ ಸೇರಿರುವುದು ಸುಮ್ನೆ ಅಲ್ಲ.

ಬೀಳಗಿ ಕಡೆ ಹಿನ್ನೀರಿನ ದಂಡೆಗೆ ಬೆಳಗ್ಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಹರಗೋಲು, ಥರ್ಮಾಕೋಲಿನ ತೆಪ್ಪಗಳು ದಡಕ್ಕೆ ಬರುತ್ತವೆ. ಪ್ಲಾಸ್ಟಿಕ್ ದಾರದ ಬಲೆಯಿಂದ ಒಂದೊಂದೇ ಮೀನು ಬಿಡಿಸಿ ಟ್ರೇಗೆ ಹಾಕುತ್ತಾರೆ. ದೊಡ್ಡ ಕಾಟ್ಲಾ, ರೋಹು ಒಂದು ಕಡೆ. ಸಾಮಾನ್ಯ ಗೆಂಡೆ ಇನ್ನೊಂದು ಕಡೆ. ಅಂಗೈ ಅಗಲದ ಜಿಲೇಬಿ ಮೀನು ಮಂಕರಿ ತುಂಬ. ಉಳಿದ ಚಿಲ್ಲರೆ ಮೀನನ್ನೆಲ್ಲ ಒಟ್ಟಿಗೆ ಸುರಿದು ಒಂದೇ ರೇಟು ಹಾಕುತ್ತಾರೆ. ಅದರಲ್ಲೇ ಒಂದೆರಡು ಕೊರವ, ಒಂದು ಬಾಳೆ ಮೀನು, ಹೆಸರು ಬೇಗ ನೆನಪಾಗದ ನಾಲ್ಕಾರು ಸಣ್ಣ ಮೀನು. ‘ಇದ್ಯಾವ ಮೀನ್ರೀ?’ ಅಂದರೆ ‘ಹೊಳಿ ಮೀನ್ರೀ’ ಅಷ್ಟೇ. ವ್ಯಾಪಾರಿ ತೂಕ ಬರೆದುಕೊಳ್ಳುತ್ತಾನೆ, ಐಸ್ ಸುರಿದು ಗಾಡಿ ಹತ್ತಿಸುತ್ತಾನೆ. ಎಷ್ಟು ಕೆಜಿ ಅನ್ನೋದು ದಾಖಲಾಯಿತು. ಯಾವ ಜಾತಿ ಅನ್ನೋದು ಆ ರಾಶಿಯಲ್ಲೇ ಕರಗಿತು.

ಜೀವವೈವಿಧ್ಯದ ಇಡೀ ಪ್ರಶ್ನೆ ಇರೋದು ಆ ಚಿಲ್ಲರೆ ರಾಶಿಯಲ್ಲಿ. ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲತಃ ಗಂಗಾ ಬಯಲಿನ ಮೀನು. ದಕ್ಷಿಣದ ನದಿಗಳಿಗೆ ಅವನ್ನು ತಂದು ಬಿಟ್ಟವರು ನಾವು. ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, ಆಫ್ರಿಕಾದ್ದು. ಹಿನ್ನೀರಿನಲ್ಲಿ ಅರಳಿ ನಿಲ್ಲುವ ಅಂತರಗಂಗೆ ದಕ್ಷಿಣ ಅಮೆರಿಕದಿಂದ ಬಂದದ್ದು. ಪ್ರತಿ ವರ್ಷ ಜಲಾಶಯಕ್ಕೂ ಕೆರೆಗೂ ಮೀನುಮರಿ ಬಿಡುವುದು ಸರ್ಕಾರದ ಕಾರ್ಯಕ್ರಮ. ಅದರಲ್ಲಿ ಹೆಚ್ಚಿನ ಪಾಲು ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಗಳದ್ದೇ. ಇದನ್ನು ಬೈಯುವುದು ಸುಲಭ. ಆದರೆ ದಂಡೆಯ ಅಂಬಿಗರ ಮನೆಯ ಒಲೆ ಉರಿಯುವುದು ಈ ಕಾಟ್ಲಾದಿಂದಲೇ. ಮರಿ ಬಿಡೋದು ನಿಂತರೆ ಮೊದಲು ಏಟು ಬೀಳೋದೂ ಅವರಿಗೇ. ಹಾಗಾಗಿ ಕಾಟ್ಲಾ ಬೇಡ ಅನ್ನುವ ವಾದ ನನ್ನದಲ್ಲ. ಲೆಕ್ಕದಲ್ಲಿ ಕಾಟ್ಲಾ ಒಂದೇ ಇರೋದು ಸರಿಯಲ್ಲ ಅನ್ನೋದು ನನ್ನ ತಕರಾರು.

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯನ್ನೇ ನೋಡಿ. ಹೂಡಿಕೆ 20,050 ಕೋಟಿ ರೂಪಾಯಿ. ಗುರಿ ದೇಶದ ಮೀನು ಉತ್ಪಾದನೆಯನ್ನು 220 ಲಕ್ಷ ಟನ್‌ಗೆ ಏರಿಸೋದು. ಎಲ್ಲವೂ ಟನ್‌ನಲ್ಲಿ. ನೀರಾವರಿ ಇಲಾಖೆ ಇದೇ ನೀರನ್ನು ಟಿಎಂಸಿಯಲ್ಲಿ ಎಣಿಸುತ್ತದೆ. ಅರಣ್ಯ ಇಲಾಖೆ ಚಳಿಗಾಲದಲ್ಲಿ ಬಂದು ಹಕ್ಕಿ ಎಣಿಸುತ್ತದೆ. ಒಂದೇ ನೀರು, ಮೂರು ಲೆಕ್ಕ. ಹಕ್ಕಿ ತಿನ್ನುವ ಮೀನು ಯಾವುದು ಅನ್ನೋದು ಮೂರರಲ್ಲೂ ಇಲ್ಲ.

ಜಾಗತಿಕ ಗುರಿಗಳಲ್ಲಿ ನಮಗೆ ನಿಜಕ್ಕೂ ಕೆಲಸಕ್ಕೆ ಬರುವಂಥದ್ದು ಒಂದಿದೆ. 2022ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡ ಕುನ್ಮಿಂಗ್–ಮಾಂಟ್ರಿಯಲ್ ಜೀವವೈವಿಧ್ಯ ಚೌಕಟ್ಟು. ಅದಕ್ಕೂ ಮೊದಲು 2010ರಲ್ಲಿ ಜಪಾನಿನ ಐಚಿಯಲ್ಲಿ ಒಪ್ಪಿದ 20 ಗುರಿಗಳಿದ್ದವು. 2020ರ ಹೊತ್ತಿಗೆ ಜಗತ್ತಿನ ಮಟ್ಟದಲ್ಲಿ ಒಂದೂ ಪೂರ್ತಿ ಮುಟ್ಟಲಿಲ್ಲ. ಹೊಸ ಚೌಕಟ್ಟಿನಲ್ಲಿ 23 ಗುರಿಗಳಿವೆ. 2030ರೊಳಗೆ ನೆಲ, ಒಳನಾಡಿನ ನೀರು, ಕಡಲು ಇವುಗಳ ಶೇ 30ರಷ್ಟನ್ನು ಕಾಪಾಡಬೇಕು ಅನ್ನೋದು 3ನೇ ಗುರಿ. ಅಲ್ಲಿ ಒಳನಾಡಿನ ನೀರನ್ನು ಹೆಸರಿಟ್ಟು ಬರೆದಿದ್ದಾರೆ. ಹಾಳಾದ ಜಾಗಗಳನ್ನು ಸರಿಪಡಿಸುವ 2ನೇ ಗುರಿಯಲ್ಲೂ ಅದು ಇದೆ. ಹೊರಗಿನಿಂದ ಬಂದು ಹಾವಳಿ ಮಾಡುವ ಜಾತಿಗಳು ಹೊಸದಾಗಿ ಬೇರೂರುವ ವೇಗವನ್ನು ಅರ್ಧಕ್ಕೆ ಇಳಿಸಬೇಕು ಅನ್ನೋದು 6ನೇ ಗುರಿ. ಹೊಲದಿಂದ ಹರಿದು ಹೋಗುವ ಪೋಷಕಾಂಶಗಳ ನಷ್ಟವನ್ನು ಅರ್ಧ ಮಾಡಬೇಕು ಅನ್ನೋದು 7ನೆಯದು. ಭಾರತ 2024ರ ಅಕ್ಟೋಬರ್‌ನಲ್ಲಿ ಕೊಲಂಬಿಯಾದ ಕಾಲಿಯಲ್ಲಿ ನಡೆದ ಸಮ್ಮೇಳನದ ವೇಳೆ ತನ್ನ 23 ರಾಷ್ಟ್ರೀಯ ಗುರಿಗಳನ್ನು ಮುಂದಿಟ್ಟಿದೆ.

ಈ 7ನೇ ಗುರಿ ಕಬ್ಬಿನ ಸೀಮೆಗೆ ನೇರವಾಗಿ ತಟ್ಟುತ್ತದೆ. ಬೆಳಗಾವಿ, ಬಾಗಲಕೋಟೆಯ ನದಿ ದಂಡೆ ಪೂರ್ತಿ ಕಬ್ಬು. ನೀರು ಜಾಸ್ತಿ, ಗೊಬ್ಬರವೂ ಜಾಸ್ತಿ. ಹೊಲ ಕುಡಿಯದೆ ಬಿಟ್ಟ ಯೂರಿಯಾ ಬಸಿದು ಹಳ್ಳ ಸೇರಿ ಹೊಳೆಗೆ ಬರುತ್ತದೆ. ಅದರ ಜೊತೆ ಊರುಗಳ ಚರಂಡಿ ನೀರು. ಇಷ್ಟು ಗೊಬ್ಬರ ಸಿಕ್ಕರೆ ಪಾಚಿ, ಅಂತರಗಂಗೆ ಬೆಳೆಯದೆ ಇನ್ನೇನು? ಬೇಸಿಗೆಯಲ್ಲಿ ನೀರು ಇಳಿದಾಗ ಕೊಳೆಯುವ ಈ ರಾಶಿ ನೀರಿನೊಳಗಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಸಕ್ಕರೆ ಕಾರ್ಖಾನೆಯ ಕೊಳಚೆ ಹೊಳೆಗೆ ಬಿದ್ದರೂ ಹೀಗೇ. ಅದರಲ್ಲಿರುವ ಸಕ್ಕರೆಯ ಅಂಶ ಕೊಳೆಯುವುದಕ್ಕೆ ಬೇಕಾದ ಆಮ್ಲಜನಕ ಅಷ್ಟಿಷ್ಟಲ್ಲ. ಬೆಳಗಾಗುವ ಮೊದಲು ಆಮ್ಲಜನಕ ಅತಿ ಕಡಿಮೆ ಇರುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುವುದು, ದಡಕ್ಕೆ ಸತ್ತು ಬೀಳುವುದು ಆ ಹೊತ್ತಿನಲ್ಲೇ ಹೆಚ್ಚು. ಕೊರವ, ಚೇಳುಮೀನು ಗಾಳಿಯನ್ನೂ ಉಸಿರಾಡಬಲ್ಲವು, ತಡೆದುಕೊಳ್ಳುತ್ತವೆ. ಗೆಂಡೆಗಳಿಗೆ ಆ ಸೌಕರ್ಯ ಇಲ್ಲ.

ಇನ್ನು ಜೌಗು ಪ್ರದೇಶದ ವಿಷಯ. ಇಲ್ಲಿರುವ ಗಂಟು ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸುತ್ತದೆ. ಇರಾನಿನ ರಾಮ್ಸರ್ ಪಟ್ಟಣದಲ್ಲಿ 1971ರ ಫೆಬ್ರವರಿ 2ರಂದು ಜೌಗು ಪ್ರದೇಶಗಳನ್ನು ಕಾಯಲು ಆದ ಒಪ್ಪಂದಕ್ಕೆ ಭಾರತ 1982ರಲ್ಲಿ ಸೇರಿತು. ಆ ಒಪ್ಪಂದದ ಪ್ರಕಾರ ಜೌಗು ಪ್ರದೇಶ ಸಹಜವಾದದ್ದೂ ಇರಬಹುದು, ಮನುಷ್ಯ ಕಟ್ಟಿದ್ದೂ ಇರಬಹುದು. ಹಾಗೆ ನೋಡಿದರೆ ಆಲಮಟ್ಟಿ ಹಿನ್ನೀರು ಖಂಡಿತ ಜೌಗು ಪ್ರದೇಶವೇ. ನೀರು ಇಳಿದಾಗ ಹೊರಬೀಳುವ ಕೆಸರು ಬಯಲಿಗೆ ರಾಜಹಂಸಗಳು ಬಂದು ಇಳಿಯುತ್ತವೆ. ಆದರೆ ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮಗಳು ಬೇರೆ ಹೇಳುತ್ತವೆ. ನದಿ ಪಾತ್ರ, ಗದ್ದೆ, ಕುಡಿಯುವ ನೀರಿಗಾಗಿ ಕಟ್ಟಿದ ಕೆರೆ, ನೀರಾವರಿಗಾಗಿ ಕಟ್ಟಿದ ರಚನೆ ಇವೆಲ್ಲ ಜೌಗು ಪ್ರದೇಶ ಅಲ್ಲ ಅಂತ ವ್ಯಾಖ್ಯಾನದಲ್ಲೇ ಕೈಬಿಟ್ಟಿದ್ದಾರೆ.

ನಮ್ಮ ಮೂರು ಜಿಲ್ಲೆಯಲ್ಲಿ ಇದನ್ನು ಹಚ್ಚಿ ನೋಡಿ. ವಿಜಯಪುರದ ಭೂತನಾಳ ಕೆರೆ ಕುಡಿಯುವ ನೀರಿನದ್ದು. ಆದಿಲ್‌ಶಾಹಿ ಕಾಲದ ಮಮದಾಪುರ ಕೆರೆ ನೀರಾವರಿಯದ್ದು. ಆಲಮಟ್ಟಿ, ಹಿಡಕಲ್, ನವಿಲುತೀರ್ಥ ಮೂರೂ ನೀರಾವರಿಯವು. ಮೂರು ಹೊಳೆ ನದಿ ಪಾತ್ರ. ಎಲ್ಲ ತೆಗೆದ ಮೇಲೆ ಉಳಿಯೋದು ಏನು? ಬಯಲುಸೀಮೆಯಲ್ಲಿ ಮನುಷ್ಯನ ಕೈ ಸೋಕದ ದೊಡ್ಡ ಕೆರೆ ಹುಡುಕಿದರೂ ಸಿಗೋದು ಕಷ್ಟ. ಕಾನೂನು ಬರೆದವರ ಕಣ್ಣ ಮುಂದೆ ಯಾವ ಊರಿತ್ತೋ ಗೊತ್ತಿಲ್ಲ, ನಮ್ಮ ಊರಂತೂ ಅಲ್ಲ.

ಇದಕ್ಕೆ ಉತ್ತರ ಪಕ್ಕದ ಜಿಲ್ಲೆಯಲ್ಲೇ ಇದೆ. ಗದಗ ಜಿಲ್ಲೆಯ ಮಾಗಡಿ ಕೆರೆ ನೀರಾವರಿಗೆ ಅಂತಲೇ ಕಟ್ಟಿದ್ದು. ವಿಸ್ತೀರ್ಣ ಸುಮಾರು 50 ಹೆಕ್ಟೇರ್. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಅದು ದೊಡ್ಡ ತಂಗುದಾಣ. 2024ರ ಜನವರಿಯಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಮೂರೂ ರಾಮ್ಸರ್ ಪಟ್ಟಿ ಸೇರಿದವು. ಅಂಕಸಮುದ್ರವೂ ಮನುಷ್ಯ ಕಟ್ಟಿದ ಕೆರೆಯೇ. ರಂಗನತಿಟ್ಟು 2022ರಲ್ಲೇ ಸೇರಿತ್ತು. ನೀರಾವರಿಗೆ ಕಟ್ಟಿದ್ದು ಅನ್ನೋದು ಅಡ್ಡಿಯಾಗಬೇಕಿಲ್ಲ ಅಂತ ಆಯಿತಲ್ಲ. ಮನಸ್ಸಿದ್ದರೆ ಮಾರ್ಗ. ಬೆಳಗಾವಿ ಜಿಲ್ಲೆಯಲ್ಲಿ ಧೂಪದಾಳ ಒಡ್ಡಿನ ಸುತ್ತ ಘಟಪ್ರಭಾ ಪಕ್ಷಿಧಾಮ ಇದೆ. ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಗುತ್ತದೆ. ಆದರೆ ಅದೂ ಹಕ್ಕಿಯ ಹೆಸರಿನಲ್ಲಿ.

ರಾಮ್ಸರ್ ಅಂದರೆ ಹಕ್ಕಿ ಅಂತಲೇ ನಮ್ಮಲ್ಲಿ ನಂಬಿಕೆ. ಒಪ್ಪಂದದ ಒಂಬತ್ತು ಮಾನದಂಡಗಳಲ್ಲಿ ಎರಡು ಮೀನಿನದ್ದು. 7ನೆಯದು ಆ ಜಾಗದ್ದೇ ಆದ ದೇಸಿ ಮೀನುಗಳನ್ನು ಕೇಳುತ್ತದೆ. 8ನೆಯದು ಮೀನು ಮೊಟ್ಟೆ ಇಡುವ ಜಾಗ, ಮರಿ ಬೆಳೆಯುವ ಜಾಗ, ಓಡಾಡುವ ದಾರಿ ಇವನ್ನು ಕೇಳುತ್ತದೆ. ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮ, ಮಲಪ್ರಭೆ ಸೇರುವ ಕೂಡಲಸಂಗಮ ಎರಡೂ ಎರಡು ನೀರು ಕೂಡುವ ಜಾಗ. ಇಂಥ ಕಡೆ ಮೀನಿನ ಲೆಕ್ಕ ತೆಗೆದು ನೋಡಿದರೆ ಏನು ಸಿಗುತ್ತದೋ ನೋಡಬೇಕು. ಕೂಡಲಸಂಗಮಕ್ಕೆ ಬಸವಣ್ಣನ ಐಕ್ಯಸ್ಥಳ ಅಂತ ಹೋಗುವ ಲಕ್ಷಾಂತರ ಜನರಲ್ಲಿ ಕೆಳಗಿನ ನೀರಲ್ಲಿ ಏನಿದೆ ಅಂತ ಕೇಳುವವರು ಎಷ್ಟು?

ಆ ನೀರಲ್ಲಿ ಮೀನಷ್ಟೇ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಟ್ರ್ಯಾಕ್ಟರ್‌ನಲ್ಲಿ ಹಾಕಿಕೊಂಡು ಹೋಗಿ ವಿದ್ಯುತ್ ಉಪಕೇಂದ್ರದ ಮುಂದೆ ಬಿಟ್ಟರು. ರಾತ್ರಿ ಹೊತ್ತು ಕರೆಂಟ್ ಕೊಟ್ಟರೆ ಮೊಸಳೆ ಇರುವ ಹೊಲಕ್ಕೆ ನೀರು ಹಾಯಿಸೋದು ಹೇಗೆ ಅನ್ನೋದು ಅವರ ಪ್ರಶ್ನೆ. ದೇಶದ ತುಂಬ ನಗೆ ಸುದ್ದಿಯಾಯಿತು. ನನಗೆ ಅದು ಜೀವವೈವಿಧ್ಯದ ಬಗ್ಗೆ ನಾನು ಕೇಳಿದ ಅತಿ ನೇರ ವಾದ. ಜೀವಿಗಳನ್ನು ಉಳಿಸಿ ಅಂತ ಹೇಳುವ ಮೊದಲು ಅವುಗಳ ಜೊತೆ ಬದುಕುವವರಿಗೆ ಹಗಲಲ್ಲಿ ಕರೆಂಟ್ ಕೊಡಿ.

ಮೀನುಗಾರರ ಅಂಜಿಕೆಯೂ ಇದೇ ಜಾತಿಯದ್ದು. ಸಂರಕ್ಷಣೆ ಅಂದ ಕೂಡಲೇ ಬಲೆ ಕಿತ್ತುಕೊಳ್ಳುತ್ತಾರೆ ಅನ್ನುವ ಅನುಮಾನ. ಅದು ಸುಳ್ಳಲ್ಲ. ಅಭಯಾರಣ್ಯ ಅಂತ ಆದರೆ ಹಕ್ಕುಗಳಿಗೆ ಕತ್ತರಿ ಬೀಳುತ್ತದೆ. ಆದರೆ ರಾಮ್ಸರ್ ಒಪ್ಪಂದ ಹೇಳೋದು ‘ವಿವೇಕದ ಬಳಕೆ’ಯ ಮಾತು, ಮೀನು ಹಿಡಿಯಬೇಡಿ ಅಂತ ಅಲ್ಲ. ಮಾಗಡಿ, ಅಂಕಸಮುದ್ರ ಎರಡೂ ಅಭಯಾರಣ್ಯ ಅಲ್ಲ, ಸಂರಕ್ಷಣಾ ಮೀಸಲು ಪ್ರದೇಶ. ಅದನ್ನು ಘೋಷಿಸುವ ಮೊದಲು ಸ್ಥಳೀಯರ ಜೊತೆ ಮಾತಾಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಮೀನುಗಾರರ ಪರವಾಗಿ ಹಿಡಿದುಕೊಳ್ಳಬಹುದಾದ ಇನ್ನೊಂದು ಕಾಗದವೂ ಇದೆ. ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಒಪ್ಪಿದ ಸಣ್ಣ ಮೀನುಗಾರಿಕೆಯ ಮಾರ್ಗಸೂಚಿ. ಕಡಲು, ಒಳನಾಡು ಎರಡೂ ಅದರ ವ್ಯಾಪ್ತಿಯಲ್ಲಿವೆ. ಹಿಡಿಯುವ ಹಕ್ಕು, ಹಿಡಿಯುವುದರಲ್ಲಿ ಜವಾಬ್ದಾರಿ ಎರಡನ್ನೂ ಒಟ್ಟಿಗೆ ಇಟ್ಟ ಅಪರೂಪದ ಕಾಗದ ಅದು. ಯಾರನ್ನೂ ಕಟ್ಟಿಹಾಕುವ ಬಲ ಮಾತ್ರ ಅದಕ್ಕಿಲ್ಲ, ಐಚ್ಛಿಕ.

ಇದೆಲ್ಲ ಈಗಲೇ ಯಾಕೆ ಅಂದರೆ, ಆಲಮಟ್ಟಿ ಎತ್ತರ ಮತ್ತೆ ಚರ್ಚೆಯಲ್ಲಿದೆ. 519.60ರಿಂದ 524.256 ಮೀಟರ್‌ಗೆ ನೀರು ನಿಲ್ಲಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಪಕ್ಕದ ರಾಜ್ಯಗಳ ತಕರಾರು ಇದೆ, ಮುಳುಗಡೆ ಪರಿಹಾರದ ಜಗ್ಗಾಟ ಇದೆ. ಅವೆಲ್ಲ ನ್ಯಾಯವಾದ ಜಗಳಗಳೇ, ಅವು ಮೊದಲು ತೀರಬೇಕು. ಆದರೆ ಸುಮಾರು ನಾಲ್ಕೂವರೆ ಮೀಟರ್ ನೀರು ಏರಿದರೆ ಇಡೀ ದಂಡೆ ಸರಿಯುತ್ತದೆ. ಈಗಿನ ಕೆಸರು ಬಯಲು, ತೆಳು ನೀರಿನ ಅಂಚು ಮುಳುಗಿ ಹೊಸ ಅಂಚು ಹುಟ್ಟುತ್ತದೆ. ಹೊಸ ಎರೆಭೂಮಿ ಮುಳುಗಿದಾಗ ಮೊದಲ ವರ್ಷಗಳ ಸುಗ್ಗಿ ಮತ್ತೊಮ್ಮೆ ಬರಬಹುದು. ಅದನ್ನೇ ಯಶಸ್ಸು ಅಂತ ಟನ್‌ನಲ್ಲಿ ಬರೆದು ಕೂತರೆ, ನಾಲ್ಕು ವರ್ಷದ ಮೇಲೆ ಇಳುವರಿ ಇಳಿದಾಗ ಯಾವ ಮೀನು ಕಳೆದುಹೋಯಿತು ಅಂತ ಹೇಳುವ ಹಳೆ ದಾಖಲೆ ಯಾರ ಹತ್ತಿರವೂ ಇರಲ್ಲ.

ಆ ದಾಖಲೆಗೆ ವಿಶ್ವ ವ್ಯಾಪಾರ ಸಂಸ್ಥೆ ಕೂತಿರುವ ಜಿನೀವಾದ ಅಪ್ಪಣೆ ಬೇಡ. ಜಲಾಶಯದಲ್ಲಿ ಮೀನು ಹಿಡಿಯಲು ಲೈಸೆನ್ಸ್ ಇಲ್ಲವೇ ಗುತ್ತಿಗೆ ಬೇಕೇ ಬೇಕು. ರಾಜ್ಯದಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆ ಇದೆ. ಮೀನು ಇಳಿಸುವ ಜಾಗಗಳು ದಂಡೆಯ ಊರಿನವರಿಗೆಲ್ಲ ಗೊತ್ತು. ತೂಕ ಬರೆಯುವ ಪುಸ್ತಕದಲ್ಲಿ ‘ಚಿಲ್ಲರೆ’ ಅನ್ನುವ ಒಂದು ಕಾಲಂ ಬದಲು ಕೊರವ, ಬಾಳೆ, ಚೇಳು ಅಂತ ಬಿಡಿಸಿ ಬರೆದರೆ ಕೆಲಸ ಶುರುವಾದ ಹಾಗೆ. ಗುರುತು ಹಿಡಿಯಲು ಕಷ್ಟವಾದ ಮೀನಿಗೆ ಮೊಬೈಲ್ ಫೋಟೊ ಸಾಕು. ಕೇಂದ್ರ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ, ಹೆಸರು ಹೇಳಬಲ್ಲ ತಜ್ಞರು ಅಲ್ಲಿದ್ದಾರೆ. ಬರೆಯುವ ಕೆಲಸಕ್ಕೆ ದಂಡೆಯ ಮನೆಗಳ ಹುಡುಗ ಹುಡುಗಿಯರಿಗೇ ಸಂಬಳ ಕೊಡಬೇಕು. ಪುಕ್ಕಟೆ ಮಾಡಿಸಿದರೆ ಎರಡು ತಿಂಗಳಲ್ಲಿ ಪುಸ್ತಕ ಮುಚ್ಚುತ್ತದೆ.

ಅದರ ಜೊತೆ ಎರಡು ಕೆಲಸ. ಬಲೆಯ ಕಣ್ಣಿನ ಅಳತೆ ಬರೀ ಕಾಗದದಲ್ಲಿ ಇರದೆ ದಂಡೆಯಲ್ಲೂ ನಡೆಯಬೇಕು. ಮರಿ ಮೀನು ಹಿಡಿದು ಮಾರುವವರಿಗಿಂತ ಅದನ್ನು ಕೊಳ್ಳುವ ವ್ಯಾಪಾರಿಯನ್ನು ಹಿಡಿದರೆ ಇದು ಬೇಗ ನಡೆಯುತ್ತದೆ. ಇನ್ನೊಂದು, ಮುಂಗಾರಿನ ಮೊದಲ ಹೊಸ ನೀರು ಬಂದಾಗ ಬ್ಯಾರೇಜಿನ ಗೇಟುಗಳನ್ನು ಕೆಲವು ದಿನ ಮೀನಿನ ಓಡಾಟ ನೋಡಿಕೊಂಡು ತೆರೆಯುವುದು. ಇದಕ್ಕೆ ನೀರಾವರಿ ಇಲಾಖೆ ಮತ್ತು ಮೀನುಗಾರಿಕೆ ಇಲಾಖೆ ಜೂನ್‌ಗೆ ಮೊದಲೇ ಒಂದು ಮೇಜಿನ ಮುಂದೆ ಕೂರಬೇಕು. ಪ್ರವಾಹದ ವರ್ಷದಲ್ಲಿ ಇದು ಆಗದ ಮಾತು. ಆಗ ಗೇಟು ತೆರೆಯುವ ಲೆಕ್ಕವೇ ಬೇರೆ, ಮಹಾರಾಷ್ಟ್ರದಿಂದ ಎಷ್ಟು ನೀರು ಬರುತ್ತದೆ ಅನ್ನೋದರ ಮೇಲೆ ಎಲ್ಲ ನಿಂತಿರುತ್ತದೆ. ಸಾಧಾರಣ ಮಳೆಯ ವರ್ಷಗಳಲ್ಲಿ ಮಾತ್ರ ಇದನ್ನು ಮಾಡಿ ನೋಡಬಹುದು. ಮೊದಲ ಪ್ರಯೋಗಕ್ಕೆ ಹಿಪ್ಪರಗಿಯೇ ಸರಿಯಾದ ಜಾಗ ಅಂತ ನನ್ನ ಎಣಿಕೆ, ಯಾಕೆಂದರೆ ಆಲಮಟ್ಟಿಯ ಹಿನ್ನೀರಿನಿಂದ ಮೇಲೆ ಹತ್ತುವ ಮೀನಿಗೆ ಕೃಷ್ಣೆಯಲ್ಲಿ ಎದುರಾಗುವ ದೊಡ್ಡ ಗೋಡೆ ಅದೇ.